ಬಾಣಂತಿಯ ಪಥ್ಯ: ಹೊಸಹೊಳಲು ಸೀಮೆಯ ಒಂದು ಚರಿತ್ರೆ

ಹಿಂದೆ ಅತ್ತಿಕುಪ್ಪೆಯೆಂದು ಕರೆಸಿಕೊಳ್ಳುತ್ತಿದ್ದ ಕೃಷ್ಣರಾಜಪೇಟೆಯ ಮಗ್ಗುಲಲ್ಲಿರುವ ಹೊಸಹೊಳಲಿನ ಹೆಸರು ಹೊರಗಿನ ಲೋಕಕ್ಕೆ ತಿಳಿದಿರುವುದು ಸುಮಾರು 1250ರ ಕಾಲದ ಲಕ್ಷ್ಮೀನಾರಾಯಣ ದೇವಾಲಯದಿಂದ. ಆನೆಗಳ ಸಾಲಿನಿಂದ ಮೊದಲ್ಗೊಂಡು ಕುದುರೆ, ಬಳ್ಳಿ, ಪುರಾಣಕಥೆ, ಮಕರಗಳನ್ನು ದಾಟಿ ಹಂಸಗಳವರೆಗೆ ಏರುವ ಅದರ ಪಟ್ಟಿಕೆಗಳನ್ನು ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಆದರೆ ಆ ಗುಡಿಯ ಸುತ್ತಣ ಬೀದಿಗಳಲ್ಲಿಯೂ, ಅಲ್ಲಿಂದ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳವರೆಗೆ ಹರಡಿದ ಹಳ್ಳಿಗಳ ನಡುಮನೆಗಳಲ್ಲಿಯೂ, ಯಾವ ಓಲೆಯ ಆಸರೆಯೂ ಇಲ್ಲದೆ, ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ನಡೆದುಬಂದ ಬಾಣಂತನವೆಂಬ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರು ವಿರಳ. ಯಾವ ಆಹಾರ ಕೂಸಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬ ಪ್ರಶ್ನೆಯನ್ನು ಇಂದಿನ ವೈದ್ಯವಿಜ್ಞಾನವು ಅಲರ್ಜಿಯ ಹೆಸರಿನಲ್ಲಿ ಕೇಳುತ್ತಿರುವಾಗ, ಅದೇ ಪ್ರಶ್ನೆಯನ್ನು ಶತಮಾನಗಳಿಂದ ಕೇಳಿಕೊಂಡು ಬಂದಿರುವ ಈ ಕೋಣೆಯನ್ನು ಗಂಭೀರವಾಗಿ ನೋಡಬೇಕಾದ ಕಾಲ ಬಂದಿದೆಯೆಂದು ನನಗೆ ತೋರುತ್ತದೆ.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಳೆಂದರೆ ಮನೆಯ ಒಳಕೋಣೆಯೊಂದು ಅವಳಿಗೆ ಮೀಸಲಾಗುತ್ತಿತ್ತು. ಗಾಳಿ ತಾಕದಂತೆ ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಕುಳಿತ ಬಾಣಂತಿಗೆ ಹಳೆಯಕ್ಕಿಯ ಅನ್ನ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ತುಪ್ಪ ಇವೇ ಮುಖ್ಯವಾದ ಆಹಾರ; ನೀರಂತೂ ಅಳತೆಯಲ್ಲಿ. ಸೂಲಗಿತ್ತಿಯೋ ಮನೆಯ ಹಿರಿಯಳೋ ಬಚ್ಚಲಿನಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲುಗಳ ನಡುವಣ ತಗ್ಗಿನಲ್ಲಿ ಮಲಗಿಸಿ, ಹರಳೆಣ್ಣೆ ಹಚ್ಚಿ ನೀವಿ, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ಬಿಸಿನೀರು ಕಣ್ಣಿಗೆ ಇಳಿಯದಂತೆ ಎರೆಯುತ್ತಿದ್ದಳು. ಬಳಿಕ ಕೆಂಡದ ಮೇಲೆ ಸಾಂಬ್ರಾಣಿಯನ್ನೂ ಬೆಳ್ಳುಳ್ಳಿಯ ಸಿಪ್ಪೆಯನ್ನೂ ಉದುರಿಸಿ, ಮೇಲೆದ್ದ ಹೊಗೆಗೆ ಕೂಸಿನ ನೆತ್ತಿಯನ್ನೂ ಬೆನ್ನನ್ನೂ ಒಡ್ಡುವುದು. ತೇಯುವ ಕಲ್ಲಿನ ಮೇಲೆ ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿಗಳನ್ನು ಎಣಿಸಿದಂತೆ ಒಂದೆರಡು ಸುತ್ತು ಮಾತ್ರ ತೇಯ್ದು, ತಾಯಿಯ ಹಾಲಿನಲ್ಲಿ ಕಲಸಿ, ಬೆರಳ ತುದಿಯಿಂದ ನಾಲಗೆಗೆ ಸವರುವುದು. ಸುತ್ತಿನ ಲೆಕ್ಕ ತಪ್ಪಬಾರದು. ಕೂಸಿನ ತಿಂಗಳು ಏರಿದಂತೆ ಸುತ್ತೂ ಏರಬೇಕು. ಬರೆದಿಡದ ವೈದ್ಯವೊಂದು ಔಷಧದ ಪ್ರಮಾಣವನ್ನು ಇಷ್ಟು ನಿಷ್ಠೆಯಿಂದ ಕಾಯ್ದುಕೊಂಡದ್ದು ಗೌರವಿಸತಕ್ಕ ಸಂಗತಿ.

ಈ ಪಥ್ಯದ ನಡುಗಂಬವೆಂದರೆ ನಂಜು. ಗಾಯವನ್ನು ಕೀವುಗಟ್ಟಿಸುವ, ಕಜ್ಜಿಯನ್ನು ಕೆರಳಿಸುವ, ಮೈಮೇಲೆ ಪಿತ್ತಗಂಧೆ ಎಬ್ಬಿಸುವ ಗುಣ ಕೆಲವು ಪದಾರ್ಥಗಳಿಗೆ ಉಂಟೆಂದೂ, ತಾಯಿ ತಿಂದದ್ದು ಹಾಲಿನ ಮೂಲಕ ಕೂಸಿಗೆ ಇಳಿಯುತ್ತದೆಂದೂ ಜನ ನಂಬಿದ್ದರು, ಈಗಲೂ ನಂಬುತ್ತಾರೆ. ಆ ಪದಾರ್ಥಗಳ ಸಾಲಿನಲ್ಲಿ ಮೊದಲನೆಯದು ಬದನೆಕಾಯಿ. "ಬದ್ನೆಕಾಯಿ ನಂಜು ಕಣವ್ವ, ಕೂಸಿಗೆ ಮೈಯೆಲ್ಲ ಎದ್ದುಬಿಡ್ತದೆ" ಎಂಬ ಮಾತನ್ನು ಈ ಸೀಮೆಯಲ್ಲಿ ಕೇಳದ ಬಾಣಂತಿಯಿಲ್ಲ. ಸುಶ್ರುತನ ಕಾಲದ ವೈದ್ಯರು ಕೂಸಿನ ಕಾಯಿಲೆಗಳಿಗೆ ಪೂತನೆ, ರೇವತಿ, ಶಕುನಿ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ಕಾರಣವಾಗಿ ಹೇಳಿದ್ದರು. ನಮ್ಮ ಹಳ್ಳಿಯ ಹೆಂಗಸರು ಗ್ರಹವನ್ನು ಬಿಡದಿದ್ದರೂ, ದೃಷ್ಟಿ ತೆಗೆಯುವುದನ್ನು ಮರೆಯದಿದ್ದರೂ, ಅದರ ಜೊತೆಜೊತೆಗೆ ತಟ್ಟೆಯ ಮೇಲೂ ಕಣ್ಣಿಟ್ಟಿದ್ದರು. ನಿನ್ನೆ ತಾಯಿ ಏನು ತಿಂದಳು, ಇಂದು ಕೂಸಿನ ಕೆನ್ನೆ ಏಕೆ ಕೆಂಪಾಯಿತು ಎಂದು ಕೂಡಿಸಿ ನೋಡುವ ಆ ಬುದ್ಧಿಯಲ್ಲಿ ತರ್ಕದ ಅಂಕುರವಿದೆ. ಕೂಡಿಸಿದ್ದು ಎಷ್ಟು ಬಾರಿ ಸರಿಯಾಯಿತು, ಎಷ್ಟು ಬಾರಿ ತಪ್ಪಾಯಿತು ಎಂಬ ಲೆಕ್ಕ ಮಾತ್ರ ಅದಕ್ಕೆ ದೊರೆಯಲಿಲ್ಲ.

ಕೂಸಿನ ಆರೋಗ್ಯದ ವಿಷಯದಲ್ಲಿ ಲೆಕ್ಕದ ಪುಸ್ತಕವು ಈ ಸೀಮೆಯನ್ನು ಪ್ರವೇಶಿಸಿದ್ದು ಸಿಡುಬಿನ ದೆಸೆಯಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ ಗಂಜಾಮು, ಪಾಲಹಳ್ಳಿಗಳ ಕಡೆ ಓಡಾಡಿಕೊಂಡು, ಹೊಸದಾಗಿ ಬಂದಿದ್ದ ಗೋವಿನ ಸಿಡುಬಿನ ದಾಕು ಹಾಕಿಸುವ ಕಾರ್ಯಕ್ಕೆ ಇಳಿದನು. ಹಿಂದೂಸ್ಥಾನದಲ್ಲಿ ಮೊದಲ ದಾಕು ಬೊಂಬಾಯಿಯ ಮಗುವೊಂದಕ್ಕೆ ಬಿದ್ದದ್ದು 1802ರ ಜೂನ್ ತಿಂಗಳಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ಮೈಸೂರು ಸೀಮೆಯಲ್ಲಿ ದ್ಯುಬುವಾನ ಕಡೆಯವರು ದಾಕು ಹಾಕಿ ಹೆಸರು ಬರೆದುಕೊಂಡವರ ಸಂಖ್ಯೆ 25,000ವನ್ನು ಮೀರಿತ್ತು. 1805ರಲ್ಲಿ ಥಾಮಸ್ ಹಿಕಿ ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವನ್ನು ಇಂದಿನ ಇತಿಹಾಸಜ್ಞರು ದಾಕಿನ ಪ್ರಚಾರಕ್ಕಾಗಿಯೇ ಬರೆಸಿದ್ದೆಂದು ವ್ಯಾಖ್ಯಾನಿಸುತ್ತಾರೆ. ಮಾರಮ್ಮನ ಕೋಪವೆಂದು ಜನ ತಲೆಬಾಗುತ್ತಿದ್ದ ರೋಗಕ್ಕೆ ತೋಳನ್ನು ಒಡ್ಡುವಂತೆ ಅವರನ್ನು ಒಪ್ಪಿಸಿದ್ದು ಸಾಮಾನ್ಯವಾದ ಕಾರ್ಯವಲ್ಲ; ಅರಮನೆಯ ಹೆಂಗಸರೇ ಮುಂದೆ ಬಂದದ್ದು ಅದಕ್ಕೆ ಒದಗಿದ ದೊಡ್ಡ ಬಲ.

ಆ ಬಳಿಕ ನೂರಕ್ಕೂ ಮಿಕ್ಕ ವರ್ಷಗಳನ್ನು ನಾನು ಬೇಗನೆ ದಾಟಿಬಿಡುತ್ತೇನೆ. 1929ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರವು ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವನ್ನು ತೆರೆಯಿತು. ಮಂಡ್ಯ ಆಗ ಪ್ರತ್ಯೇಕ ಜಿಲ್ಲೆಯೂ ಆಗಿರಲಿಲ್ಲ, ಅದಾದದ್ದು 1939ರಲ್ಲಿ. ಕನ್ನಂಬಾಡಿಯ ಕಾಲುವೆಯ ನೀರಿನೊಡನೆ ಬತ್ತವೂ ಕಬ್ಬೂ ಬಂದಂತೆ ಮಲೇರಿಯವೂ ಬಂದ ಆ ಕಾಲದಲ್ಲಿ, ರೋಗಿಯು ಆಸ್ಪತ್ರೆಗೆ ಬರಲೆಂದು ಕಾಯದೆ ಆರೋಗ್ಯವೇ ಮನೆಯ ಬಾಗಿಲಿಗೆ ಹೋಗಬೇಕೆಂಬ ವಿಚಾರ ಇಂಡಿಯಾದ ಹಳ್ಳಿಗಳಿಗೆ ಬಹುಮಟ್ಟಿಗೆ ಹೊಸದು. ತರಬೇತಿ ಪಡೆದ ದಾದಿಯು ಸೂಲಗಿತ್ತಿಯ ಪಕ್ಕದಲ್ಲಿ ನಿಂತಳು. ಸೂಲಗಿತ್ತಿಯ ಕೈಚಳಕವನ್ನು ನಾನು ಕಡೆಗಣಿಸಲಾರೆ: ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ ಆ ಗೌರವ ಅವರಂಥ ಸಾವಿರಾರು ಅನಾಮಧೇಯ ಹೆಂಗಸರಿಗೂ ಸಂದಿತೆಂದೇ ಭಾವಿಸಿದೆ. ಆದರೂ ಹೆರಿಗೆಯ ನಂಜು ಹತ್ತಿ ಸಾಯುತ್ತಿದ್ದ ತಾಯಂದಿರಿಗೆ ಬೇಕಾಗಿದ್ದುದು ಕುದಿಸಿದ ನೀರು, ಸೋಪು, ಶುದ್ಧವಾದ ಕತ್ತರಿ. ಅವನ್ನು ತಂದವಳು ದಾದಿ.

ಈ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಮುಟ್ಟುವ ವಸ್ತುವೆಂದರೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆಯ ದಪ್ತರ. 1906ರಲ್ಲಿ ಮೆಥಡಿಸ್ಟ್ ಮಿಷನ್ನಿನವರು ಹೆಂಗಸರಿಗೂ ಮಕ್ಕಳಿಗೂ ಕಟ್ಟಿದ ಈ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಬರೆದಿಟ್ಟರು. ಏತಕ್ಕೆ ಬೇಕಾದೀತೆಂದು ಅವರಿಗೆ ಆಗ ತಿಳಿದಿರಲಾರದು. ಅರ್ಧಶತಮಾನ ಕಳೆದ ಮೇಲೆ ಸಂಶೋಧಕರು ಆ ಪುಟಗಳನ್ನು ಹಿಡಿದು ಬೀದಿಬೀದಿಗೆ ಹೋಗಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಇನ್ನೂ ಊರಿನಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ; 3.1 ಕಿಲೋವನ್ನು ಮುಟ್ಟಿದವರಲ್ಲಿ, ದಾಟಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ, ಬಸುರಿಯ ಹೊಟ್ಟೆಗೆ ಬಿದ್ದ ಅನ್ನಕ್ಕೂ ಅವಳ ಮಗನ ಐವತ್ತನೆಯ ವರ್ಷದ ಎದೆನೋವಿಗೂ ಸಂಬಂಧವಿರುವುದು ನಮ್ಮದೇ ಮಣ್ಣಿನ ಸಾಕ್ಷ್ಯದಿಂದ ತಿಳಿದುಬಂದಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿ ಆರಂಭಿಸಿದ ಪಾರ್ಥೆನಾನ್ ಅಧ್ಯಯನವು ಅವರ ಮಕ್ಕಳನ್ನು ಯೌವನದವರೆಗೂ ಹಿಂಬಾಲಿಸಿತು.

ಇನ್ನು ಬದನೆಕಾಯಿಗೆ ಬರುತ್ತೇನೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿ ವೈ. ಪಿ. ವೆಂಕಟೇಶ್ ಮತ್ತು ಅವರ ಶಿಷ್ಯರು, ಅಲರ್ಜಿತಜ್ಞ ಡಾಕ್ಟರ್ ಪಿ. ಎ. ಮಹೇಶ್ ಅವರೊಡನೆ ಸೇರಿ, ಅಜ್ಜಿಯರ ಆ ಆರೋಪವನ್ನೇ ಪರೀಕ್ಷೆಗೆ ತೆಗೆದುಕೊಂಡರು. 741 ಮಂದಿಯನ್ನು ವಿಚಾರಿಸಿ, ಮುಂಗೈಯ ಚರ್ಮಕ್ಕೆ ಬದನೆಯ ಸತ್ತ್ವವನ್ನು ಸೂಜಿಮೊನೆಯಿಂದ ಚುಚ್ಚಿ ದದ್ದು ಏಳುವುದೋ ಎಂದು ನೋಡಿದಾಗ, ನೂರಕ್ಕೆ ಸುಮಾರು ಒಂಬತ್ತು ಮಂದಿಯಲ್ಲಿ ಅದರ ಗುರುತು ಕಂಡಿತು. ನಿಜವಾದ ಅಲರ್ಜಿಯೆಂದು ಸಿದ್ಧಪಟ್ಟದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಮೆ. ಅದರಲ್ಲಿಯೂ ಹೆಂಗಸರೇ ಹೆಚ್ಚು. 2008ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಅವರೇ ಇನ್ನೊಂದು ಸೂಕ್ಷ್ಮವನ್ನು ಸೇರಿಸಿದರು: ಬದನೆಯಲ್ಲಿ ಸ್ವಭಾವತಃ ಹಿಸ್ಟಮೀನ್ ಎಂಬ ದ್ರವ್ಯವಿರುವುದರಿಂದ, ಅದಕ್ಕೆ ಬೇಗ ಸ್ಪಂದಿಸುವ ಚರ್ಮವುಳ್ಳವರಿಗೆ ಅಲರ್ಜಿಯಿಲ್ಲದೆಯೂ ತುರಿಕೆಯ ದದ್ದು ಏಳಬಹುದು. ಎಂದಮೇಲೆ ಅಜ್ಜಿಯು ಕಂಡದ್ದು ಸುಳ್ಳಲ್ಲ. ಕೆಲವರ ಮೈ ನಿಜವಾಗಿಯೂ ಎದ್ದಿತ್ತು. ಆದರೆ ಕೆಲವರಿಗೆ ಆದದ್ದನ್ನು ಊರಿಗೆಲ್ಲ ಕಟ್ಟುಮಾಡಿ, ಪ್ರತಿಯೊಬ್ಬ ಬಾಣಂತಿಯ ತಟ್ಟೆಯಿಂದಲೂ ತರಕಾರಿಯನ್ನು ತೆಗೆದದ್ದು ನ್ಯಾಯವಾಗಲಿಲ್ಲ.

ಇಂಥದೇ ವಿವೇಕ ಯೂರೋಪಿನ ಯೂರೋಪ್ರಿವಾಲ್ ಎಂಬ, ಆಹಾರದ ಅಲರ್ಜಿಯನ್ನು ಕುರಿತ ದೊಡ್ಡ ಯೋಜನೆಯ ಅಂಗವಾಗಿ ಕರ್ನಾಟಕದಲ್ಲಿ ನಡೆದ ಪರೀಕ್ಷೆಗಳಿಂದಲೂ ದೊರೆಯಿತು. ವಯಸ್ಕರಲ್ಲಿ ನೂರಕ್ಕೆ 26.5ರಷ್ಟು ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಪ್ರತಿಕಾಯದ ಗುರುತಿದ್ದಿತು. ಆದರೆ ತಿಂದರೆ ತೊಂದರೆಯಾಗುವವರು ನೂರಕ್ಕೆ 1.2ರಷ್ಟು ಮಾತ್ರ. ಮಕ್ಕಳಲ್ಲಿ ಇದು ಇನ್ನೂ ಕಡಮೆ, ನೂರಕ್ಕೆ 0.14. ರಕ್ತದ ಗುರುತೇ ರೋಗವಲ್ಲ. ಪರೀಕ್ಷಾಲಯದ ಒಂದು ಚೀಟಿಯನ್ನು ನೋಡಿ ಮಗುವಿಗೆ ಹಾಲು, ಮೊಟ್ಟೆ, ಗೋಧಿ, ಬೇಳೆ ಎಲ್ಲವನ್ನೂ ನಿಲ್ಲಿಸುವ ಇಂದಿನ ಪೇಟೆಯ ತಾಯಿಯು, ತನಗರಿವಿಲ್ಲದೆ, ಹಳೆಯ ಕೋಣೆಯ ಕಟ್ಟುಪಾಡನ್ನೇ ಹೊಸ ವೇಷದಲ್ಲಿ ಪಾಲಿಸುತ್ತಿದ್ದಾಳೆ.

ಮುಂದುವರಿದ ದೇಶಗಳೂ ಈ ದಾರಿಯಲ್ಲಿ ನಡೆದು ಹಿಂದಿರುಗಿವೆ. ಅಪಾಯವುಳ್ಳ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೂ ಕಡಲೆಕಾಯಿಯನ್ನು ಕೊಡಬಾರದೆಂದು ಅಮೆರಿಕದ ಶಿಶುವೈದ್ಯರ ಸಂಘವು 2000ದಲ್ಲಿ ವಿಧಿಸಿದ್ದಿತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ನಾಲ್ಕರಿಂದ ಹನ್ನೊಂದು ತಿಂಗಳ 640 ಕೂಸುಗಳ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು: ಐದನೆಯ ವರ್ಷದಲ್ಲಿ ನೋಡಿದಾಗ, ಕಡಲೆಕಾಯಿಯನ್ನು ದೂರವಿಟ್ಟವರಲ್ಲಿ ನೂರಕ್ಕೆ 17.2 ಮಕ್ಕಳಿಗೆ ಅದರ ಅಲರ್ಜಿ. ಮೊದಲಿನಿಂದಲೇ ಕ್ರಮವಾಗಿ ತಿಂದವರಲ್ಲಿ 3.2 ಮಾತ್ರ. ಕಾಪಾಡಲೆಂದು ಹಾಕಿದ ಬೇಲಿಯೇ ಕೇಡಾಗಿತ್ತು. ಆರನೆಯ ತಿಂಗಳ ಅನ್ನಪ್ರಾಶನದ ನಂತರ ರಾಗಿಯ ಸರಿಯನ್ನೂ, ಹಿಸುಕಿದ ಅನ್ನವನ್ನೂ, ಬೇಳೆಯ ಕಟ್ಟನ್ನೂ ಒಂದೊಂದಾಗಿ ರೂಢಿಮಾಡಿಸಿ, ವರ್ಷ ತುಂಬುವ ಹೊತ್ತಿಗೆ ಮನೆಯವರ ತಟ್ಟೆಯಲ್ಲಿಯೇ ಕೂಸನ್ನು ಉಣ್ಣಲು ಬಿಡುತ್ತಿದ್ದ ನಮ್ಮ ಸೀಮೆಯ ಪದ್ಧತಿ, ಈ ಒಂದು ಅಂಶದಲ್ಲಿ, ಸರಿಯಾದ ದಾರಿಯಲ್ಲಿಯೇ ಇದ್ದಿತೆಂದು ಹೇಳಲು ಅಡ್ಡಿಯಿಲ್ಲ.

ಆದರೆ ಹಳೆಯದನ್ನೆಲ್ಲ ಹೊಗಳಿ ಮುಗಿಸುವುದು ತಾಯಂದಿರಿಗೆ ಎಸಗುವ ದ್ರೋಹವಾದೀತು. ಹಾಲೂಡುವವಳಿಗೆ ನೀರನ್ನು ಅಳೆದು ಕೊಟ್ಟದ್ದು, ಸೊಪ್ಪು ತರಕಾರಿಗಳನ್ನು ತಿಂಗಳುಗಟ್ಟಲೆ ಮುಚ್ಚಿಟ್ಟದ್ದು, ರಕ್ತ ಕಳೆದುಕೊಂಡ ದೇಹವನ್ನು ಇನ್ನಷ್ಟು ಬಡವಾಗಿಸಿತು. ಕೂಸಿಗೆ ಹಿಡಿದ ಧೂಪವಾಗಲಿ, ಪಕ್ಕದ ಸೌದೆಯ ಒಲೆಯಾಗಲಿ ಎಳೆಯ ಶ್ವಾಸಕ್ಕೆ ಹಿತವಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿದ ಮಹೇಶ್ ಮತ್ತು ಸಂಗಡಿಗರು, ದಿನಕ್ಕೆ ಒಲೆಯ ಮುಂದೆ ಕಳೆವ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ ಮೊತ್ತ 60ನ್ನು ಮುಟ್ಟಿತೆಂದರೆ ಬಿಡದ ಕೆಮ್ಮು ಕಫದ ಅಪಾಯ ತಲೆದೋರುತ್ತದೆಂದು 2013ರಲ್ಲಿ ತೋರಿಸಿದರು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ, ಅಂದರೆ ಮದುವೆಯಾಗಿ ಬಂದವಳು ನಡುಹರೆಯವನ್ನು ಮುಟ್ಟುವಷ್ಟು ಕಾಲ. ಪೇಟೆಯ ಗಾಳಿಯೂ ಮೇಲೇನಲ್ಲ: ಬೆಂಗಳೂರಿನ ಮಕ್ಕಳಲ್ಲಿ 1979ರಲ್ಲಿ ನೂರಕ್ಕೆ 9ರಷ್ಟಿದ್ದ ಉಬ್ಬಸವು 1999ರ ಹೊತ್ತಿಗೆ 29.5ಕ್ಕೆ ಏರಿದುದನ್ನು ಡಾಕ್ಟರ್ ಎಚ್. ಪರಮೇಶ್ ದಾಖಲಿಸಿದ್ದಾರೆ. ಹೊಸಹೊಳಲಿನ ಮಗಳು ಇಂದು ಅದೇ ಬೆಂಗಳೂರಿನಲ್ಲಿ ಸಂಸಾರ ಹೂಡಿ, ಹೆರಿಗೆಗೆಂದು ತವರಿಗೆ ಬಂದು, ಮೂರು ತಿಂಗಳು ತುಂಬುತ್ತಲೇ ಕೂಸನ್ನೆತ್ತಿಕೊಂಡು ಆ ಗಾಳಿಗೇ ಹಿಂದಿರುಗುತ್ತಾಳೆ.

ಈಗ ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ. ತಾಯಿ ಕಾರ್ಡಿನಲ್ಲಿ ಕೂಸಿನ ತೂಕವೂ ಲಸಿಕೆಯ ತಾರೀಕೂ ಏರುತ್ತವೆ. ಬಾಣಂತಿಯ ಕೋಣೆ ಮಾತ್ರ ಇನ್ನೂ ಅಜ್ಜಿಯದೇ. ಆ ಕಾರ್ಡಿಗೆ ಒಂದು ಪುಟವನ್ನು ಹೆಚ್ಚಾಗಿ ಹೊಲಿದು, ಈ ಮನೆಯಲ್ಲಿ ಬಾಣಂತಿಗೆ ಏನೇನನ್ನು ಬಿಡಿಸಿದ್ದಾರೆ, ಏಕೆ ಬಿಡಿಸಿದ್ದಾರೆ, ಯಾವುದನ್ನು ತಿಂದ ಎಷ್ಟು ಹೊತ್ತಿಗೆ ಕೂಸಿನ ಮೈಮೇಲೆ ಏನು ಕಂಡಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ಅಜ್ಜಿಯ ಬಾಯಿಂದಲೇ ಕೇಳಿ ಬರೆದುಕೊಳ್ಳುವ ಏರ್ಪಾಡು ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ಆರೋಗ್ಯ ಕೇಂದ್ರಗಳಲ್ಲಿ ಆಗಬೇಕೆಂದು ನನ್ನ ಬಲವಾದ ಕೋರಿಕೆ. ಬರೆಯುವ ಕೈಗೆ ಅದು ದಿನಕ್ಕೆ ಹತ್ತು ನಿಮಿಷದ ಕೆಲಸ. 1934ರಲ್ಲಿ ಹೋಲ್ಡ್ಸ್‌ವರ್ತಿನ ದಾದಿಯರು ಕೂಸನ್ನು ತಕ್ಕಡಿಗೆ ಇಟ್ಟು ಸಂಖ್ಯೆ ಬರೆದುಕೊಂಡದ್ದೂ ಅಷ್ಟೇ ಹೊತ್ತಿನ ಕೆಲಸವಾಗಿದ್ದಿತು.