ಗುಡ್ಡದೊಳಗಣ ಇತಿಹಾಸ: ಕಾಸರಗೋಡಿನ ಸುರಂಗಗಳು

ಕಾಸರಗೋಡಿನ ಇತಿಹಾಸವನ್ನು ಹೇಳುವಾಗ ನಾವು ಕುಂಬಳೆಯ ಅರಸುಮನೆತನವನ್ನು, ಕೆಳದಿ ನಾಯಕರ ಬೇಕಲ ಕೋಟೆಯನ್ನು, 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಸಂಗತಿಯನ್ನು ತಪ್ಪದೆ ಸ್ಮರಿಸುತ್ತೇವೆ. ಬಾಯಾರು, ಪೈವಳಿಕೆ, ಎಣ್ಮಕಜೆ, ಶೇಣಿ ಮೊದಲಾದ ಊರುಗಳ ಗುಡ್ಡಗಳ ಒಡಲಲ್ಲಿ ಇನ್ನೊಂದು ಇತಿಹಾಸವೂ ಇದೆ. ಅದನ್ನು ಯಾವ ಶಾಸನವೂ ಸಾರುವುದಿಲ್ಲ. ಹಾರೆ, ಪಿಕ್ಕಾಸುಗಳಿಂದ ಕೊರೆದ ಸಾವಿರಾರು ನೀರಿನ ಸುರಂಗಗಳೇ ಅದರ ಪುಟಗಳು.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಕೇರಳದ 44 ನದಿಗಳಲ್ಲಿ 12 ಹರಿಯುವ ಜಿಲ್ಲೆಯಲ್ಲಿ ನೀರಿಗಾಗಿ ಗುಡ್ಡ ಕೊರೆಯಬೇಕಾಯಿತೇ ಎಂದು ಹೊರಗಿನವರು ಕೇಳುವುದುಂಟು. ಮಳೆಯ ಬಹುಪಾಲು ಮೂರು ನಾಲ್ಕು ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿ ಕಡಲು ಸೇರುತ್ತದೆ. ಶಿವರಾತ್ರಿ ಕಳೆಯುವಷ್ಟರಲ್ಲಿ ತೋಡುಗಳು ಬತ್ತುತ್ತವೆ. ಗುಡ್ಡದ ಓರೆಯಲ್ಲಿ ಅಡಿಕೆ ತೋಟ ಮಾಡಿದವನಿಗೆ ಆಳದ ಬಾವಿಯಿಂದ ನೀರೆತ್ತುವುದು ಸುಲಭಸಾಧ್ಯವಾಗಿರಲಿಲ್ಲ. ಆದರೆ ಇಂಗಿದ ಮಳೆನೀರಿನ ಒಂದಂಶ ಮುರಕಲ್ಲಿನ ಪದರಗಳಲ್ಲಿ ಉಳಿದಿರುತ್ತದೆ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಈ ಮುರಕಲ್ಲಿಗೆ ವಿಜ್ಞಾನವು ಇಟ್ಟ ಹೆಸರು ಒಂದು ಪ್ರವಾಸಗ್ರಂಥದಿಂದ ಬಂದುದು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ಗಮನಿಸಿದನು. 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದವನ್ನು ಆಧರಿಸಿ ಇದನ್ನು ‘ಲ್ಯಾಟರೈಟ್’ ಎಂದು ಕರೆದನು. ನೆಲದೊಳಗಿರುವಾಗ ಕಡಿಯಲು ಮೆದುವಾಗಿದ್ದು, ಗಾಳಿಗೊಡ್ಡಿದಾಗ ಗಟ್ಟಿಯಾಗುವುದು ಇದರ ಗುಣ. ಊರುಗೋಲಾಗಲಿ ಗಾರೆಯಾಗಲಿ ಇಲ್ಲದೆ ಸುರಂಗಗಳು ನಿಂತಿರುವುದು ಈ ಗುಣದ ಬಲದಿಂದಲೇ.

ಒಬ್ಬ ಮನುಷ್ಯ ನಡೆಯುವಷ್ಟು ಅಗಲ, ತಲೆ ಬಾಗಿಸಿ ಸಾಗುವಷ್ಟು ಎತ್ತರ. ಸುರಂಗದ ಅಳತೆ ಇಷ್ಟೇ. ಹುತ್ತಗಳನ್ನೂ ಬೇಸಗೆಯಲ್ಲಿಯೂ ಹಸಿರು ಕಳೆಯದ ಗಿಡಮರಗಳನ್ನೂ ಕಂಡು ಜಾಗ ನಿಶ್ಚಯಿಸುತ್ತಿದ್ದರು. ಒಬ್ಬನು ಕುಳಿತು ಕಡಿದರೆ ಇನ್ನೊಬ್ಬನು ಮಣ್ಣು ಹೊರಗೆ ಸಾಗಿಸುತ್ತಿದ್ದನು. ಜೊತೆಗೊಯ್ದ ದೀಪ ಮಂಕಾದರೆ ಒಳಗೆ ಗಾಳಿ ಸಾಲದೆಂದು ತಿಳಿದು ಹಿಂದಿರುಗಬೇಕು. ನೀರಿನ ಸೆಲೆ ಸಿಕ್ಕುವವರೆಗೂ ಕೊರೆತ ಮುಂದುವರಿಯುತ್ತಿತ್ತು. 100 ಮೀಟರನ್ನು ಮೀರಿದ ಸುರಂಗಗಳೂ ಇವೆ, ಒಳಗೇ ಕವಲೊಡೆದವೂ ಇವೆ. ನೆಲವನ್ನು ಬಾಯಿಯ ಕಡೆಗೆ ತುಸು ಇಳಿಜಾರಾಗಿ ಕಡಿಯುವುದರಿಂದ ನೀರು ತಾನಾಗಿಯೇ ಹರಿದು ಬಂದು ಮಣ್ಣಿನ ಕೊಳ ಸೇರುತ್ತದೆ. ಅಲ್ಲಿಂದ ಅಡಿಕೆಮರದ ದಂಬೆಗಳಲ್ಲಿ ಮನೆಗೂ ತೋಟಕ್ಕೂ ಹೋಗುತ್ತಿತ್ತು. ಯಂತ್ರದ ಹಂಗು ಎಲ್ಲಿಯೂ ಇಲ್ಲ.

ಈ ವಿದ್ಯೆಯ ಮೂಲವನ್ನು ಕೆಲವರು ಪರ್ಷಿಯಾದ ಕನಾತ್‌ಗಳಲ್ಲಿ ಕಾಣುತ್ತಾರೆ. ಕನ್ನಡನಾಡಿನಲ್ಲಿ ಆ ಪದ್ಧತಿಯ ನೇರ ಕುರುಹು ಬೀದರದ ಕಾರೇಜ್; ಅದು 15ನೆಯ ಶತಮಾನದ ಬಹಮನಿ ಕಾಲದ್ದು. ಆದರೆ ಎರಡಕ್ಕೂ ಇರುವ ಅಂತರ ಗಮನಾರ್ಹ. ಕಾರೇಜಿಗೆ ಸಾಲು ಸಾಲಾಗಿ ಕಡಿದ ನೇರ ಬಾವಿಗಳಿವೆ. ನಮ್ಮ ಬಹುತೇಕ ಸುರಂಗಗಳಿಗೆ ಅವಿಲ್ಲ. ಅದು ಅರಸೊತ್ತಿಗೆಯ ನೆರವಿನಿಂದ ರಾಜಧಾನಿಗಾಗಿ ಆದ ಕಾರ್ಯ. ಇದು ಒಂದು ಕುಟುಂಬ ತನ್ನ ತೋಟಕ್ಕಾಗಿ ಮಾಡಿಸಿಕೊಂಡ ಕೆಲಸ. ಬೀದರದ ಕಾರೇಜಿನೊಡನೆ ಸುಲ್ತಾನರ ಹೆಸರು ಉಳಿದಿದೆ. ನಮ್ಮ ಗುಡ್ಡಗಳಲ್ಲಿ ಬೆವರಿಳಿಸಿದ ಕೂಲಿಕಾರರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆ ಮೌನವನ್ನು ಮುರಿದ ಒಂದು ನಿದರ್ಶನ ಗಡಿಯಾಚೆ, ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದಲ್ಲಿದೆ. ಕೃಷಿಕೂಲಿಯಾಗಿದ್ದ ಅಮೈ ಮಹಾಲಿಂಗ ನಾಯ್ಕರು ತಮಗೆ ದೊರೆತ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಲಿನ ಹಲವು ಸುರಂಗಗಳಲ್ಲಿ ನೀರು ದೊರೆಯದಿದ್ದರೂ ಛಲ ಬಿಡದೆ ಕೊನೆಗೆ ಗಂಗೆಯನ್ನು ಕಂಡು ತೋಟ ಬೆಳೆಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ರಾಜ್ಯಗಳ ಗಡಿ ಮುರಕಲ್ಲಿನ ಮೇಲೆ ಹಾದುಹೋಗಿದೆ. ಅದರ ಕೆಳಗಿನ ವಿದ್ಯೆ ಎರಡೂ ಕಡೆ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಕೊಳವೆಬಾವಿಗಳು ಹೆಚ್ಚಿವೆ. ಅವು ಆಳದಿಂದ ಎಳೆದುಕೊಳ್ಳುವ ನೀರಿಗೆ ಲೆಕ್ಕವಿಲ್ಲ. ಸುರಂಗವಾದರೋ ಗುಡ್ಡ ತಾನಾಗಿ ಬಿಟ್ಟುಕೊಟ್ಟಷ್ಟನ್ನೇ ಪಡೆಯುತ್ತದೆ. ಗುಡ್ಡದ ನೆತ್ತಿಯ ಕಾಡು ಹೋಗಿ ಇಂಗುವ ನೀರು ಕುಗ್ಗಿದಲ್ಲಿ ಸುರಂಗವೂ ಸೊರಗುತ್ತದೆ. ಕೊರೆಯಬಲ್ಲವರು ವಿರಳವಾಗುತ್ತಿದ್ದಾರೆ; ಅವರೊಡನೆ ಜಾಗ ಗುರುತಿಸುವ ಕಣ್ಣೂ ಆ ಕಸುಬಿನ ಕನ್ನಡ, ತುಳು, ಮಲಯಾಳ ಮಾತುಗಳೂ ಮರೆಯಾಗುತ್ತವೆ.

ಆದುದರಿಂದ ಈ ಸಮ್ಮೇಳನಕ್ಕೆ ಬಂದ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಹಿತ್ತಿಲಿನಲ್ಲಿ ಸುರಂಗವಿದ್ದರೆ ಅದರ ಉದ್ದವನ್ನು, ಕೊರೆದ ಕಾಲವನ್ನು, ಬೇಸಗೆಯಲ್ಲಿ ನೀರು ಉಳಿಯುವ ತಿಂಗಳನ್ನು ಹಿರಿಯರಿಂದ ಕೇಳಿ ಬರೆದಿಡಿ. ಎಲ್ಲಕ್ಕಿಂತ ಮೊದಲು, ಅದನ್ನು ಕೊರೆದವರ ಹೆಸರನ್ನು ಬರೆಯಿರಿ. ಅವರು ತಂದ ನೀರನ್ನು ಮೂರು ತಲೆಮಾರು ಕುಡಿದಿದ್ದೇವೆ.