ಗೋಡೆಯ ತೂತಿನೊಳಗೆ ಕೂತ ಇತಿಹಾಸ

ದೀಪಾವಳಿನೋ ಕ್ರಿಸ್‌ಮಸ್ಸೋ ಬಂತು ಅಂದ್ರೆ ಮನೆ ಹೊರಗೆ ಸೀರಿಯಲ್ ಸೆಟ್ ಹಾಕ್ತೀವಿ. ಬಲ್ಬಿನ ಕಥೆ ಎಲ್ಲರೂ ಹೇಳ್ತಾರೆ. ಇವತ್ತು ಅದನ್ನ ಗೋಡೆಗೆ ಹಿಡಿದು ನಿಲ್ಲಿಸೋ ವಸ್ತುವಿನ ಕಥೆ ಕೇಳೋಣ.

1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ ಅವರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬು ಹಾಕಿದರು. ಮರ ಆದ್ರೆ ಸುಲಭ, ಕೊಂಬೆಗೆ ವೈರ್ ಸುತ್ತಿದರೆ ಆಯ್ತು. ಇಟ್ಟಿಗೆ ಗೋಡೆಗೆ? ಮೊಳೆ ಬಗ್ಗುತ್ತೆ, ಇಲ್ಲಾಂದ್ರೆ ಗಾರೆ ಉದುರುತ್ತೆ.

ಆಗ ಸಾಮಾನ್ಯವಾಗಿ ಇದ್ದ ಉಪಾಯ ಇದು. ಇಟ್ಟಿಗೆಗಳ ನಡುವಿನ ಗಾರೆಯನ್ನ ಉಳಿಯಿಂದ ಕೊರೆದು, ಮರದ ಗೂಟ ಬಡಿದು, ಅದಕ್ಕೆ ಸ್ಕ್ರೂ ತಿರುಗಿಸೋದು. ಕೆಲಸ ನಿಧಾನ, ಗೋಡೆಗೂ ಗಾಯ. ಮರ ಒಣಗಿ ಕುಗ್ಗಿದರೆ ಗೂಟವೇ ಸಡಿಲ.

20ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ವಿದ್ಯುತ್ ಸಾಮಾನು ಗಟ್ಟಿಯಾಗಿ ಕೂರಬೇಕಿತ್ತು, ಆದರೆ ಗೋಡೆ ಹಾಳಾಗಬಾರದು. ಬಾಡಿಗೆ ಮನೆ ಓನರ್‌ಗಿಂತ ಸ್ಟ್ರಿಕ್ಟು! ಕೆಲಸ ಹಿಡಿದ ಜಾನ್ ಜೋಸೆಫ್ ರಾಲಿಂಗ್ಸ್ ಸೆಣಬಿನ ನಾರನ್ನು ಅಂಟಿನಿಂದ ಕೂಡಿಸಿ ಒಂದು ಪುಟ್ಟ ಕೊಳವೆ ಮಾಡಿದರು. ಚಿಕ್ಕ ತೂತು ಕೊರೆದು ಅದನ್ನ ಒಳಗಿಟ್ಟು ಸ್ಕ್ರೂ ತಿರುಗಿಸಿದರೆ ಕೊಳವೆ ಅಗಲವಾಗಿ ತೂತಿನ ಗೋಡೆಯನ್ನ ಒತ್ತಿ ಹಿಡಿಯುತ್ತೆ. ನಮ್ಮ ಎಲೆಕ್ಟ್ರಿಷಿಯನ್ನರು ಇವತ್ತಿಗೂ ಹೇಳೋ ‘ರಾಲ್ ಪ್ಲಗ್’ ಅವರದೇ ಹೆಸರು. ಆ ಕಾಲದಲ್ಲಿ ಜಗತ್ತಿನ ಸೆಣಬು ಬಹುಪಾಲು ಬೆಳೀತಿದ್ದದ್ದು ನಮ್ಮ ಬಂಗಾಳದಲ್ಲಿ.

1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಅದೇ ಉಪಾಯವನ್ನ ನೈಲಾನಿನಲ್ಲಿ ಮಾಡಿದರು. ನೈಲಾನು ಸೆಣಬಿನಂತೆ ಕೊಳೆಯಲ್ಲ. ಸ್ಕ್ರೂ ಜೊತೆ ಪ್ಲಗ್ಗೂ ತಿರುಗಬಾರದು ಅಂತ ಪಕ್ಕದಲ್ಲಿ ಚಿಕ್ಕ ರೆಕ್ಕೆ ಕೂಡ ಇಟ್ಟರು.

ಇಷ್ಟು ಗೊತ್ತಾದ್ರೆ ಒಂದು ವಿಷಯ ಸ್ಪಷ್ಟ. ಪ್ಲಗ್ ನಿಲ್ಲೋದು ಒತ್ತಡದಿಂದ. ತೂತು ದೊಡ್ಡದಾದ್ರೆ, ಅಥವಾ ಬರೀ ಪ್ಲಾಸ್ಟರ್‌ನಲ್ಲಿ ಕೊರೆದರೆ, ಹಿಡಿತ ಇಲ್ಲ. ಹೊರಗೋಡೆಯ ತೂತನ್ನ ಮುಚ್ಚದೆ ಬಿಟ್ಟರೆ ಮಳೆನೀರು ಒಳಗೆ ಇಳಿಯುತ್ತೆ. ಹಗುರವಾದ ಸೀರಿಯಲ್ ಸೆಟ್ಟಿಗೆ ಇದೆಲ್ಲ ಬೇಡ. ಕಿಟಕಿಯ ಗ್ರಿಲ್ ಇದೆ, ಬಾಲ್ಕನಿ ಕಂಬಿ ಇದೆ, ವೈರ್ ಸಿಪ್ಪೆ ಏಳದ ಹಾಗೆ ದಾರದಲ್ಲಿ ಕಟ್ಟಿ. ಪ್ರತಿವರ್ಷ ಅದೇ ಜಾಗಕ್ಕೆ ಭಾರದ ನಕ್ಷತ್ರ ತೂಗುಹಾಕೋರು ಮಾತ್ರ ಒಮ್ಮೆ ಸರಿಯಾಗಿ ಕೊರೆಸಿ. ಹಬ್ಬ ಮುಗಿದ ಮೇಲೆ ದೀಪ ಇಳಿಸಬಹುದು, ತೂತು ಇಳಿಸೋಕಾಗಲ್ಲ.