ಅಂಗಳದ ನಡುವಿನ ಕಟ್ಟೆ

ಉದ್ಯಾನದ ನಡುವೆ ದೊಡ್ಡದೊಂದು ಅಲಂಕಾರದ ಕುಂಡವನ್ನಿಟ್ಟು ನೋಡುವವರ ಕಣ್ಣನ್ನು ಅಲ್ಲಿಗೆ ಸೆಳೆಯುವುದು ಹೊಸ ಕಾಲದ ವಿದ್ಯೆಯೆಂದು ಹಲವರ ಎಣಿಕೆ. ಕಾಸರಗೋಡಿನ ನಮ್ಮ ಹಿರಿಯರು ಇದನ್ನು ಬಹಳ ಹಿಂದೆಯೇ ಬಲ್ಲರು. ಅಂಗಳಕ್ಕೆ ಕಾಲಿಟ್ಟೊಡನೆ ಕಣ್ಣು ಹೋಗಿ ನಿಲ್ಲುವುದು ತುಳಸಿಕಟ್ಟೆಯ ಮೇಲೆ.

ನಮ್ಮ ತರವಾಡು ಮನೆಯ ಕಟ್ಟೆ ಮುರಕಲ್ಲಿನದು. ಎದೆಯೆತ್ತರ; ನಾಲ್ಕು ಬದಿಗೂ ಹಣತೆಯ ಗೂಡು. ಈ ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಮಲಬಾರಿನ ಅಂಗಾಡಿಪ್ಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಕಲ್ಲು ಒಂದೇ, ನಮಗೆ ತುಳಸಿಕಟ್ಟೆಯಾದದ್ದು ನೆರೆಯ ಮಲಯಾಳಿ ಮನೆಯಲ್ಲಿ ತುಳಸಿತ್ತರ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಜಿಲ್ಲೆಯೂ ಆಯಿತು. ವಿಳಾಸ ಬದಲಾಗುತ್ತಿದ್ದರೂ ಕಟ್ಟೆ ಇದ್ದಲ್ಲೇ ಇತ್ತು. ಅದಕ್ಕೆ ಕುತ್ತು ಬಂದದ್ದು ನಮ್ಮಿಂದಲೇ.

ಮನೆ ಪಾಲಾದಾಗ ಗಡಿಯ ಗೆರೆ ಸರಿಯಾಗಿ ಕಟ್ಟೆಯ ಮೇಲೆ ಬಂತು. ಅದನ್ನು ಕೆಡವಿ ಮನೆಗೊಂದರಂತೆ ಎರಡು ಸಿಮೆಂಟಿನ ಕುಂಡ ಇಡೋಣವೆಂದವನು ನಾನೇ.

“ಹಾಗಾದರೆ ಉತ್ಥಾನ ದ್ವಾದಶಿಗೆ ತುಳಸಿಗೆ ಎರಡೆರಡು ಮದುವೆಯೋ ಮಗಾ?” ಎಂದರು ದೊಡ್ಡಮ್ಮ.

ನನ್ನಲ್ಲಿ ಉತ್ತರವಿರಲಿಲ್ಲ. ಗೋಡೆಯನ್ನು ಕಟ್ಟೆಯ ಎರಡೂ ಕಡೆ ಒಂದೊಂದು ಮಾರು ಬಿಟ್ಟು ನಿಲ್ಲಿಸಿದೆವು. ಆ ಸಂದಿನಲ್ಲಿ ಈಗಲೂ ಮಕ್ಕಳು ಆಚೀಚೆ ಓಡಾಡುತ್ತಾರೆ. ನೆಲ್ಲಿಯ ಕೊಂಬೆ ಊರುವ ದಿನ ಎರಡೂ ಮನೆಯ ಹಣತೆಗಳು ಅಲ್ಲೇ ಉರಿಯುತ್ತವೆ.